ನ್ಯೂಜರ್ಸಿಗೆ ಸ್ವಂತ ಬೇಸ್‌ಬಾಲ್ ಟೀಮ್ ಯಾಕಿಲ್ಲ? ಮುಂಚೆ ಇತ್ತಾ?

ಎಡಿಸನ್ ಅಪ್ಪ:

ಎಲ್ಲರಿಗೂ ನಮಸ್ಕಾರ. ನಾವು ಎಡಿಸನ್‌ಗೆ ಬಂದು ಆರು ವರ್ಷ ಆಯಿತು. ಈ ಏಪ್ರಿಲ್‌ನಲ್ಲಿ ಮಗನನ್ನು ಮಕ್ಕಳ ಬೇಸ್‌ಬಾಲ್ ಆದ ಲಿಟಲ್ ಲೀಗ್‌ಗೆ ಸೇರಿಸಿದೆವು, ಆವತ್ತಿನಿಂದ ಮನೆಯಲ್ಲಿ ಬರೀ ಬೇಸ್‌ಬಾಲ್ ಮಾತು. ಮೊನ್ನೆ ಊಟಕ್ಕೆ ಕೂತಾಗ ಕೇಳಿದ, "ಅಪ್ಪಾ, ನಮ್ಮ ಟೀಮ್ ಯಾವುದು?" ಯಾಂಕೀಸ್ ಅಂದೆ. "ಅದು ನ್ಯೂಯಾರ್ಕ್‌ದು ಅಲ್ವಾ, ನಮ್ಮ ನ್ಯೂಜರ್ಸಿದು ಯಾವುದು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಯೋಚನೆ ಮಾಡಿದೆ. ಈ ರಾಜ್ಯದಲ್ಲಿ 90 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ವಿಸ್ಕಾನ್ಸಿನ್‌ನಲ್ಲಿ 60 ಲಕ್ಷವೂ ಇಲ್ಲ, ಆದರೂ ಅಲ್ಲಿನ ಮಿಲ್ವಾಕಿಗೆ ಮೇಜರ್ ಲೀಗ್, ಅಂದರೆ ಎಲ್ಲಕ್ಕಿಂತ ಮೇಲಿನ ಮಟ್ಟದ, ಟೀಮ್ ಇದೆ. ನಮಗೆ ಯಾಕಿಲ್ಲ? ಯಾವತ್ತೂ ಇರಲೇ ಇಲ್ವಾ, ಇದ್ದು ಹೋಯಿತಾ? ಇಲ್ಲಿ ಬಹಳ ವರ್ಷದಿಂದ ಇರುವವರು, ಆಟ ಗೊತ್ತಿರುವವರು ಸ್ವಲ್ಪ ಹೇಳಿ. ಮಗನಿಗೆ ಸುಮ್ನೆ ಏನೋ ಒಂದು ಹೇಳಿ ಸಾಗಹಾಕಲು ಮನಸ್ಸಿಲ್ಲ.

ಹಳೇ ಸ್ಕೋರ್‌ಕಾರ್ಡ್:

ಒಳ್ಳೆಯ ಪ್ರಶ್ನೆ ಸರ್. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಇದೇ ಪ್ರಶ್ನೆ ಹಿಡಿದು ಲೈಬ್ರರಿ ಸುತ್ತಿದ್ದೆ.

ಮೊದಲು ಯಾಕಿಲ್ಲ ಅನ್ನುವುದು. ಮ್ಯಾಪ್ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಉತ್ತರದಲ್ಲಿ ನದಿಯ ಆಚೆ ದಡಕ್ಕೆ ನ್ಯೂಯಾರ್ಕ್, ದಕ್ಷಿಣದಲ್ಲಿ ಇನ್ನೊಂದು ನದಿಯ ಆಚೆಗೆ ಫಿಲಡೆಲ್ಫಿಯಾ. ಮೇಜರ್ ಲೀಗ್‌ನಲ್ಲಿ ಪ್ರತಿ ಟೀಮಿಗೂ ಇಷ್ಟು ಜಾಗ ನಮ್ಮದು ಅಂತ ಹಕ್ಕು ಇರುತ್ತದೆ. ಇನ್ನೊಬ್ಬರು ಅಲ್ಲಿ ಬಂದು ಟೀಮ್ ಕಟ್ಟಬೇಕಾದರೆ ಇವರು ಒಪ್ಪಬೇಕು, ಉಳಿದ ಮಾಲೀಕರೂ ಒಪ್ಪಬೇಕು. ನ್ಯೂಯಾರ್ಕಿನ ಯಾಂಕೀಸ್, ಮೆಟ್ಸ್, ಫಿಲಡೆಲ್ಫಿಯಾದ ಫಿಲೀಸ್ ಯಾಕೆ ಒಪ್ಪುತ್ತಾರೆ ಹೇಳಿ? ನ್ಯೂಜರ್ಸಿಯ ಜನ ಹೇಗೂ ಅವರ ಟಿಕೆಟ್ಟೇ ಕೊಳ್ಳುತ್ತಾರೆ, ಅವರ ಆಟವನ್ನೇ ಟೀವಿಯಲ್ಲಿ ನೋಡುತ್ತಾರೆ. ಒಂದು ಸಲ ರಾಜ್ಯವೇ ಪ್ರಯತ್ನ ಮಾಡಿತ್ತು. 1987ರಲ್ಲಿ ಸ್ಟೇಡಿಯಂ ಕಟ್ಟಲು 18.5 ಕೋಟಿ ಡಾಲರ್ ಸಾಲ ಎತ್ತಬಹುದಾ ಅಂತ ಜನರ ಮುಂದೆ ಮತಕ್ಕೆ ಇಟ್ಟರು. ಜನ ಬೇಡ ಅಂದರು. ಅಲ್ಲಿಗೆ ಆ ಮಾತು ನಿಂತಿತು.

ಇನ್ನು ಮುಂಚೆ ಇತ್ತಾ ಅನ್ನುವುದಕ್ಕೆ, ಇತ್ತು, ಬೇಕಾದಷ್ಟಿತ್ತು. ಆಟ ಬೆಳೆದ ಜಾಗಗಳಲ್ಲಿ ನಮ್ಮ ಹೋಬೋಕನ್ ಕೂಡ ಒಂದು. 1846ರ ಜೂನ್ 19ರಂದು ಅಲ್ಲಿನ ಎಲಿಸಿಯನ್ ಫೀಲ್ಡ್ಸ್ ಬಯಲಿನಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ಸ್ ಕ್ಲಬ್ಬಿನವರು ತಾವೇ ಬರೆದ ನಿಯಮದಲ್ಲಿ ಆಡಿ 23–1ರಲ್ಲಿ ಸೋತರು. ಆದರೆ ಅದು ದುಡ್ಡಿಗೆ ಆಡಿದ್ದಲ್ಲ. ಸಂಬಳಕ್ಕೆ ಆಡುವ ದೊಡ್ಡ ಲೀಗಿನಲ್ಲಿ ನಮ್ಮ ರಾಜ್ಯದ ಮೊದಲ ಟೀಮ್ ಎಲಿಜಬೆತ್ ಊರಿನ ರೆಸಲ್ಯೂಟ್ಸ್. 1873ರಲ್ಲಿ 23 ಪಂದ್ಯ ಆಡಿ ಎರಡೇ ಗೆದ್ದರು, ಸೀಸನ್ ಪೂರ್ತಿ ಮುಗಿಸಲೂ ಆಗಲಿಲ್ಲ.

ಆಮೇಲೆ 1915ರಲ್ಲಿ ನೂವರ್ಕ್ ಪೆಪರ್ಸ್. ಆಗ ಫೆಡರಲ್ ಲೀಗ್ ಅಂತ ಮೂರನೇ ಲೀಗೊಂದು ಹುಟ್ಟಿ ಹಳೆಯ ಎರಡು ಲೀಗುಗಳ ಜೊತೆ ಪೈಪೋಟಿಗೆ ನಿಂತಿತ್ತು. ಹಿಂದಿನ ವರ್ಷ ಅದನ್ನು ಗೆದ್ದಿದ್ದ ಇಂಡಿಯಾನಾಪೊಲಿಸ್ ಟೀಮನ್ನೇ ಎಣ್ಣೆ ವ್ಯಾಪಾರಿ ಹ್ಯಾರಿ ಸಿಂಕ್ಲೇರ್ ಇಲ್ಲಿಗೆ ತಂದ. ಹೆಸರಿಗೆ ನೂವರ್ಕ್, ಆಡಿದ್ದು ಹ್ಯಾರಿಸನ್‌ನಲ್ಲಿ, ಈಗ ಪಾಥ್ ರೈಲು ನಿಲ್ಲುತ್ತದಲ್ಲ, ಅದೇ ಊರು. ಆ ವರ್ಷದ ಕೊನೆಗೆ ಲೀಗೇ ಮುಚ್ಚಿತು. ಅಲ್ಲಿಗೆ ನ್ಯೂಜರ್ಸಿಯ ಕೊನೆಯ ಮೇಜರ್ ಲೀಗ್ ಟೀಮ್ ಮುಗಿಯಿತು.

ಆದರೂ ನನಗೆ ಇಷ್ಟದ ಟೀಮ್ ಅಂದರೆ 1937ರ ನೂವರ್ಕ್ ಬೇರ್ಸ್. ಅದು ಮೈನರ್ ಲೀಗ್ ಟೀಮ್, ನಮ್ಮಲ್ಲಿ ರಣಜಿ ಆಡಿ ಮೇಲೆ ಹೋಗುತ್ತಾರಲ್ಲ ಹಾಗೆ ಇಲ್ಲಿ ಆಡಿ ಯಾಂಕೀಸ್‌ಗೆ ಹೋಗುತ್ತಿದ್ದರು. ಆ ವರ್ಷ 109 ಗೆದ್ದು 43 ಸೋತರು, ಎರಡನೇ ಸ್ಥಾನದವರಿಗಿಂತ 25½ ಪಂದ್ಯ ಮುಂದೆ! ಫೈನಲ್‌ನಲ್ಲಿ ಕೊಲಂಬಸ್ ವಿರುದ್ಧ ತಮ್ಮ ಊರಲ್ಲೇ ಮೊದಲ ಮೂರೂ ಸೋತು, ಎದುರಾಳಿಯ ಊರಿಗೆ ಹೋಗಿ ಸತತ ನಾಲ್ಕು ಗೆದ್ದು ಬಂದರು. ಟೀವಿ ಬಂದ ಮೇಲೆ ನ್ಯೂಯಾರ್ಕಿನ ಮೂರು ದೊಡ್ಡ ಟೀಮುಗಳ ಆಟ ಮನೆಯಲ್ಲೇ ಸಿಗತೊಡಗಿತು, ಬೇರ್ಸ್ ನೋಡಲು ಬರುವವರು ಕಡಿಮೆಯಾದರು. 1949ರ ಸೀಸನ್ ಆದ ಮೇಲೆ ಟೀಮ್ ಊರು ಬಿಟ್ಟಿತು.

ಪ್ಯಾಟರ್ಸನ್ ಅಕ್ಕ:

ಸ್ಕೋರ್‌ಕಾರ್ಡ್ ಅವರೇ, ತುಂಬಾ ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮಾತು ನಾನು ಒಪ್ಪುವುದಿಲ್ಲ. ಕೊನೆಯ ಮೇಜರ್ ಲೀಗ್ ಟೀಮ್ ಪೆಪರ್ಸ್ ಅಲ್ಲ, ನೂವರ್ಕ್ ಈಗಲ್ಸ್. ನೀವು ಹೇಳಿದ ಬೇರ್ಸ್ ಆಡುತ್ತಿದ್ದ ರೂಪರ್ಟ್ ಸ್ಟೇಡಿಯಂನಲ್ಲೇ, ಬೇರ್ಸ್ ಹೊರ ಊರಿಗೆ ಹೋದಾಗ ಆಡುತ್ತಿದ್ದ ಟೀಮ್ ಅದು. ಒಂದೇ ಮೈದಾನ, ಎರಡು ಟೀಮ್. ಒಂದರಲ್ಲಿ ಬರೀ ಬಿಳಿಯರು, ಇನ್ನೊಂದರಲ್ಲಿ ಕಪ್ಪು ಆಟಗಾರರು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲೇ 1920ರಿಂದ 1948ರವರೆಗಿನ, ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೋ ಲೀಗುಗಳೂ ಮೇಜರ್ ಲೀಗೇ ಅಂತ ಒಪ್ಪಿಕೊಂಡಿದೆ. ಆ ಲೆಕ್ಕದಲ್ಲಿ ನಮ್ಮ ರಾಜ್ಯದ ಮೇಜರ್ ಲೀಗ್ 1948ರವರೆಗೂ ಇತ್ತು.

ಇದು ಬರೀ ದಾಖಲೆಯ ವಿಷಯ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಕಪ್ಪು ಆಟಗಾರರನ್ನು ಹೊರಗಿಟ್ಟ ಕಥೆಯಲ್ಲಿ ನೂವರ್ಕ್ ಹೆಸರು ಮೊದಲಿನಿಂದಲೇ ಬರುತ್ತದೆ. 1887ರಲ್ಲಿ ನೂವರ್ಕ್ ಟೀಮಿನಲ್ಲಿ ಜಾರ್ಜ್ ಸ್ಟೋವಿ ಅಂತ ಕಪ್ಪು ಪಿಚರ್ (ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ) ಇದ್ದರು, ಒಂದೇ ಸೀಸನ್‌ನಲ್ಲಿ 30ಕ್ಕೂ ಜಾಸ್ತಿ ಪಂದ್ಯ ಗೆದ್ದವರು. ಆ ಜುಲೈ 14ರಂದು ಶಿಕಾಗೋ ಟೀಮ್ ಪ್ರದರ್ಶನ ಪಂದ್ಯಕ್ಕೆ ಬಂತು. ಅದರ ನಾಯಕ ಕ್ಯಾಪ್ ಆ್ಯನ್ಸನ್ ಕಪ್ಪು ಆಟಗಾರರ ಜೊತೆ ಆಡುವುದಿಲ್ಲ ಅನ್ನುತ್ತಿದ್ದ ಮನುಷ್ಯ. ಸ್ಟೋವಿ ಅವತ್ತು ಮೈದಾನಕ್ಕೆ ಇಳಿಯಲಿಲ್ಲ. ಅದೇ ದಿನ ನೂವರ್ಕ್ ಆಡುತ್ತಿದ್ದ ಲೀಗಿನ ಮಾಲೀಕರು ಇನ್ನು ಮುಂದೆ ಕಪ್ಪು ಆಟಗಾರರನ್ನು ಹೊಸದಾಗಿ ತೆಗೆದುಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದರು. ಹಾಗೆ ಮುಚ್ಚಿದ ಬಾಗಿಲು ಮತ್ತೆ ತೆರೆಯಲು ಸುಮಾರು 60 ವರ್ಷ ಬೇಕಾಯಿತು.

ಈಗಲ್ಸ್ ಶುರುವಾಗಿದ್ದು 1936ರಲ್ಲಿ. ಮಾಲೀಕರು ಏಬ್ ಮ್ಯಾನ್ಲಿ ಮತ್ತು ಅವರ ಹೆಂಡತಿ ಎಫಾ ಮ್ಯಾನ್ಲಿ. ಆಟಗಾರರನ್ನು ಹುಡುಕುವುದು ಗಂಡನ ಕೆಲಸ, ದಿನದಿನದ ವ್ಯವಹಾರ ಎಲ್ಲ ಎಫಾ ಕೈಯಲ್ಲಿ. 1946ರಲ್ಲಿ ಸೀಸನ್ನಿನ ಮೊದಲ ದಿನವೇ ಈಗಲ್ಸ್ ಪಿಚರ್ ಲಿಯಾನ್ ಡೇ ಎದುರಾಳಿಗೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೊಡದೆ ಪಿಚ್ ಮಾಡಿದರು. ಆ ವರ್ಷದ ಕೊನೆಗೆ ಹೆಸರಾಂತ ಪಿಚರ್ ಸ್ಯಾಚೆಲ್ ಪೇಜ್ ಇದ್ದ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ಟೀಮನ್ನು ಏಳು ಪಂದ್ಯಗಳ ಸರಣಿಯಲ್ಲಿ 4–3ರಿಂದ ಸೋಲಿಸಿ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದರು. ಲ್ಯಾರಿ ಡೋಬಿ, ಮಾಂಟಿ ಇರ್ವಿನ್ ಎಲ್ಲ ಅದೇ ಟೀಮಿನವರು.

ಮುಂದಿನ ವರ್ಷ ಕಪ್ಪು ಆಟಗಾರ ಜಾಕಿ ರಾಬಿನ್ಸನ್, ಮುಚ್ಚಿದ್ದ ಆ ಬಾಗಿಲು ದಾಟಿ, ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಲು ಶುರು ಮಾಡಿದರು. ಜನರಿಗೆ ಎಷ್ಟು ಸಂತೋಷ ಅಂದರೆ ಎಲ್ಲರೂ ಅವರನ್ನು ನೋಡಲು ಬ್ರೂಕ್ಲಿನ್‌ಗೆ ಓಡಿದರು. 1946ರಲ್ಲಿ ಈಗಲ್ಸ್ ಪಂದ್ಯಗಳಿಗೆ ಸುಮಾರು 1,20,000 ಜನ ಬಂದಿದ್ದರು, ಮರುವರ್ಷ ಅದರ ಅರ್ಧವೂ ಬರಲಿಲ್ಲ. ಡಾನ್ ನ್ಯೂಕೊಂಬ್‌ನನ್ನು ಡಾಡ್ಜರ್ಸ್‌ನವರು ಈಗಲ್ಸ್‌ಗೆ ಒಂದು ಡಾಲರ್ ಕೂಡ ಕೊಡದೆ ಕರೆದುಕೊಂಡು ಹೋಗಿದ್ದರು. ಡೋಬಿ ವಿಷಯದಲ್ಲಿ ಎಫಾ ಬಿಡಲಿಲ್ಲ. ಕ್ಲೀವ್‌ಲ್ಯಾಂಡ್‌ನವರಿಂದ 15,000 ಡಾಲರ್ ತೆಗೆದುಕೊಂಡೇ ಕಳಿಸಿದರು. ಬಿಳಿಯ ಆಟಗಾರನಾಗಿದ್ದರೆ ಇದರ ಎಷ್ಟೋ ಪಟ್ಟು ಕೊಡುತ್ತಿದ್ದರು. 1947ರ ಜುಲೈ 5ಕ್ಕೆ ಡೋಬಿ, ಹಳೆಯ ಎರಡು ಮೇಜರ್ ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಮೊದಲ ಕಪ್ಪು ಆಟಗಾರ ಆದರು. 1948ರ ನಂತರ ಈಗಲ್ಸ್ ಮಾರಾಟವಾಗಿ ಹ್ಯೂಸ್ಟನ್‌ಗೆ ಹೋಯಿತು. ಎಫಾಗೆ 2006ರಲ್ಲಿ ಬೇಸ್‌ಬಾಲ್ ದಿಗ್ಗಜರಿಗೆ ಕೊಡುವ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು, ಅಲ್ಲಿರುವ ಒಬ್ಬಳೇ ಹೆಣ್ಣುಮಗಳು ಅವರು. ಅಷ್ಟು ಹೊತ್ತಿಗೆ ಅವರು ಬದುಕಿರಲಿಲ್ಲ.

ಮಗನಿಗೆ ಹೇಳುವುದಾದರೆ ಈ ಟೀಮಿನ ಹೆಸರು ಹೇಳಿ ಸರ್.

ಹಡ್ಸನ್ ದಂಡೆ:

ಅಕ್ಕ ಬರೆದಿದ್ದು ಓದಿ ನಾನೂ ಒಂದು ಹೇಳಬೇಕು ಅನಿಸಿತು. ಜರ್ಸಿ ಸಿಟಿಯಲ್ಲಿ ಸೊಸೈಟಿ ಹಿಲ್ ಅಂತ ಮನೆಗಳ ಕಾಲೋನಿ ಇದೆಯಲ್ಲ, ಅಲ್ಲಿ ನಾವು ಎರಡು ವರ್ಷ ಬಾಡಿಗೆಗೆ ಇದ್ದೆವು. ಅದು ರೂಸ್‌ವೆಲ್ಟ್ ಸ್ಟೇಡಿಯಂ ಇದ್ದ ಜಾಗ ಅಂತ ಗೊತ್ತಾಗಿದ್ದು ಆ ಮನೆ ಬಿಟ್ಟ ಮೇಲೆ. ಜಾಕಿ ರಾಬಿನ್ಸನ್ ಬ್ರೂಕ್ಲಿನ್‌ಗೆ ಹೋಗುವ ಮುಂಚಿನ ವರ್ಷ, 1946ರ ಏಪ್ರಿಲ್ 18ಕ್ಕೆ, ಡಾಡ್ಜರ್ಸ್ ಕೈಕೆಳಗಿನ ಮಾಂಟ್ರಿಯಲ್ ಟೀಮಿನ ಅಂಗಿ ತೊಟ್ಟು ಮೊದಲ ಲೀಗ್ ಪಂದ್ಯ ಆಡಿದ್ದು ಅಲ್ಲೇ, ನಮ್ಮ ಜರ್ಸಿ ಸಿಟಿ ಜೈಂಟ್ಸ್ ವಿರುದ್ಧ. ಐದು ಸಲ ಬ್ಯಾಟ್ ಹಿಡಿದು ನಾಲ್ಕು ಹಿಟ್, ಅದರಲ್ಲಿ ಒಂದು ಹೋಮ್ ರನ್, ಮೇಲೆ ಎರಡು ಬೇಸ್ ಕದ್ದರು, ಅಂದರೆ ಯಾರೂ ಚೆಂಡು ಹೊಡೆಯದಿದ್ದಾಗಲೇ ಓಡಿ ಮುಂದಿನ ಬೇಸ್ ಸೇರಿದರು. ಮಾಂಟ್ರಿಯಲ್ 14–1ರಲ್ಲಿ ಗೆದ್ದಿತು. ಹೋಮ್ ರನ್ ಹೊಡೆದು ಬಂದಾಗ ಜಾರ್ಜ್ ಶೂಬಾ ಅನ್ನುವ ಬಿಳಿಯ ಜೊತೆಗಾರ ನಿಂತು ಕೈ ಕುಲುಕಿದ ಫೋಟೋ ಇದೆ, ನೋಡಿಲ್ಲ ಅಂದರೆ ಒಮ್ಮೆ ಹುಡುಕಿ ನೋಡಿ.

ಅದೇ ಸ್ಟೇಡಿಯಂನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ 1956ರಲ್ಲಿ 7, 1957ರಲ್ಲಿ 8 ಪಂದ್ಯ ತಮ್ಮ ಹೋಮ್ ಪಂದ್ಯ ಅಂತಲೇ ಆಡಿದರು. ಆಮೇಲೆ ಲಾಸ್ ಏಂಜಲೀಸ್‌ಗೆ ಹೋದರು. 1960ರ ಜುಲೈಯಲ್ಲಿ ಕ್ಯೂಬಾದ ಹವಾನಾ ಶುಗರ್ ಕಿಂಗ್ಸ್ ಟೀಮನ್ನು ಸೀಸನ್ ಮಧ್ಯದಲ್ಲೇ ಎತ್ತಿ ಇಲ್ಲಿಗೆ ತಂದರು, 1961ಕ್ಕೆ ಅದೂ ಮುಗಿಯಿತು. ಸ್ಟೇಡಿಯಂ 1985ರಲ್ಲಿ ಕೆಡವಿದರು. ಅಷ್ಟು ದೊಡ್ಡ ಘಟನೆ ನಡೆದ ನೆಲದ ಮೇಲೆ ಎರಡು ವರ್ಷ ಓಡಾಡಿಯೂ ನನಗೆ ಗೊತ್ತಿರಲಿಲ್ಲ ಅನ್ನುವುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹಳೇ ಸ್ಕೋರ್‌ಕಾರ್ಡ್:

ಪ್ಯಾಟರ್ಸನ್ ಅಕ್ಕ, ನೀವು ಹೇಳಿದ್ದು ಸರಿ. ನಾನು ಓದಿದ್ದು ಹಳೇ ಪುಸ್ತಕ, ಅದರಲ್ಲಿ ಪೆಪರ್ಸ್ ಅಂತಲೇ ಇತ್ತು. ಇನ್ನು ಮೇಲೆ ಈಗಲ್ಸ್ ಅಂತಲೇ ಹೇಳುತ್ತೇನೆ.

ಟ್ರೆಂಟನ್ ಮಲೆನಾಡಿಗ:

ಹಳೆಯದು ಎಲ್ಲರೂ ಹೇಳಿದರು, ನಾನು ಈಗಿನದು ಹೇಳುತ್ತೇನೆ. ಎಡಿಸನ್‌ನಲ್ಲಿದ್ದರೆ ನಿಮಗೆ ಹತ್ತಿರದ ಟೀಮ್ ಬ್ರಿಡ್ಜ್‌ವಾಟರ್‌ನ ಸಾಮರ್ಸೆಟ್ ಪೇಟ್ರಿಯಟ್ಸ್. ಬಾಲಾಜಿ ದೇವಸ್ಥಾನಕ್ಕೆ ಹೋಗುತ್ತೀರಲ್ಲ, ಅದೇ ಊರು. 1998ರಲ್ಲಿ ಯಾವ ದೊಡ್ಡ ಟೀಮಿನ ಕೈಕೆಳಗೂ ಇಲ್ಲದೆ ಶುರು ಮಾಡಿದರು, ಅಟ್ಲಾಂಟಿಕ್ ಲೀಗ್ ಆರು ಸಲ ಗೆದ್ದರು. 2021ರಿಂದ ಯಾಂಕೀಸ್‌ನ ಡಬಲ್-ಎ ಟೀಮ್, ಅಂದರೆ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗೆ. 2022ರಲ್ಲಿ ಈಸ್ಟರ್ನ್ ಲೀಗ್ ಗೆದ್ದ ಕೊನೆಯ ಪಂದ್ಯದಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡಲಿಲ್ಲ, 15–0!

ಆದರೆ ಅದೇ ವಿಷಯ ನಮ್ಮ ಟ್ರೆಂಟನ್‌ಗೆ ನೋವಿನದು. ಟ್ರೆಂಟನ್ ಥಂಡರ್ 2003ರಿಂದ ಯಾಂಕೀಸ್ ಜೊತೆ ಇತ್ತು. 2020ರಲ್ಲಿ ಮೇಜರ್ ಲೀಗ್‌ನವರು ಕೆಳಗಿನ ಟೀಮುಗಳನ್ನು 160ರಿಂದ 120ಕ್ಕೆ ಇಳಿಸಿದಾಗ ಯಾಂಕೀಸ್ ನಮ್ಮನ್ನು ಬಿಟ್ಟು ಸಾಮರ್ಸೆಟ್ ಹಿಡಿದರು. ಡೆಲಾವೇರ್ ನದಿ ಪಕ್ಕದ ಆ ಸ್ಟೇಡಿಯಂನಲ್ಲಿ ನಾನು ಎಷ್ಟೋ ಸಂಜೆ ಕಳೆದಿದ್ದೇನೆ. ಈಗ ಅಲ್ಲಿ ಡ್ರಾಫ್ಟ್ ಲೀಗ್ ಆಟ ಇದೆ, ದೊಡ್ಡ ಟೀಮುಗಳ ಕಣ್ಣಿಗೆ ಬೀಳಬೇಕು ಅಂತ ಕಾಲೇಜು ಹುಡುಗರು ಪ್ರಾಣ ಕೊಟ್ಟು ಆಡುತ್ತಾರೆ, ಅದಕ್ಕೂ ಹೋಗುತ್ತೇನೆ. ಅಂದ ಹಾಗೆ ಮುಂದೆ ದೊಡ್ಡ ಹೆಸರು ಮಾಡಿದ ವಿಲ್ಲೀ ಮೇಸ್ 19 ವರ್ಷದವನಾಗಿ 1950ರಲ್ಲಿ ಆಡಿದ್ದು ಟ್ರೆಂಟನ್ ಜೈಂಟ್ಸ್‌ಗೆ.

ನಮಗಿಂತ ಕೆಟ್ಟ ಗತಿ ಆಗಿದ್ದು ಅಟ್ಲಾಂಟಿಕ್ ಸಿಟಿ, ಕ್ಯಾಮ್ಡನ್, ನೂವರ್ಕ್ ಊರುಗಳದ್ದು. ಸರ್ಕಾರದ ದುಡ್ಡಲ್ಲಿ ಸ್ಟೇಡಿಯಂ ಕಟ್ಟಿ ಹೊಸ ಟೀಮ್ ಶುರು ಮಾಡಿದರು. ದೊಡ್ಡ ಟೀಮಿನ ಬೆಂಬಲ ಇಲ್ಲ ಅಂದರೆ ಆಟಗಾರರ ಸಂಬಳದಿಂದ ಹಿಡಿದು ಎಲ್ಲವೂ ಟಿಕೆಟ್ ದುಡ್ಡಲ್ಲೇ ಆಗಬೇಕು, ಆಗಲಿಲ್ಲ. ಬೇರ್ಸ್ ಅನ್ನುವ ಹಳೇ ಹೆಸರಲ್ಲೇ ಮತ್ತೆ ಹುಟ್ಟಿದ ನೂವರ್ಕ್ ಟೀಮ್ ಕೂಡ 2013ಕ್ಕೆ ಮುಗಿಯಿತು.

ಎಡಿಸನ್ ಅಪ್ಪ:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ರಾತ್ರಿ ಮಗನಿಗೆ ಈಗಲ್ಸ್ ಮತ್ತು ಡೋಬಿ ಕಥೆ ಹೇಳಿದೆ, ಎರಡು ಸಲ ಹೇಳಿಸಿಕೊಂಡ. ಈಗ ಅವರು ಆಡಿದ ಜಾಗ ತೋರಿಸು ಅಂತಿದ್ದಾನೆ. ಏನಾದರೂ ಉಳಿದಿದೆಯಾ?

ಪ್ಯಾಟರ್ಸನ್ ಅಕ್ಕ:

ರೂಪರ್ಟ್ ಸ್ಟೇಡಿಯಂ ಈಗ ಇಲ್ಲ. ಆದರೆ ನಮ್ಮ ಪ್ಯಾಟರ್ಸನ್‌ಗೆ ಬನ್ನಿ. ಜಲಪಾತದ ಪಕ್ಕದಲ್ಲೇ ಹಿಂಚ್‌ಲಿಫ್ ಸ್ಟೇಡಿಯಂ ಇದೆ, 1932ರದ್ದು. ನೀಗ್ರೋ ಲೀಗಿನ ನ್ಯೂಯಾರ್ಕ್ ಬ್ಲ್ಯಾಕ್ ಯಾಂಕೀಸ್ ಅಲ್ಲಿ ಆಡುತ್ತಿದ್ದರು, ಡೋಬಿ ಹೈಸ್ಕೂಲ್ ಹುಡುಗನಾಗಿ ಆಡಿದ್ದೂ ಅಲ್ಲೇ. ಎಷ್ಟೋ ವರ್ಷ ಹಾಳು ಬಿದ್ದು ಗೋಡೆಯಲ್ಲೆಲ್ಲ ಗಿಡ ಬೆಳೆದಿತ್ತು, 2023ರಲ್ಲಿ ರಿಪೇರಿ ಮಾಡಿ ಮತ್ತೆ ತೆರೆದರು, ಆ ವರ್ಷದಿಂದಲೇ ನ್ಯೂಜರ್ಸಿ ಜ್ಯಾಕಲ್ಸ್ ಟೀಮ್ ಅಲ್ಲಿ ಆಡಲು ಬಂತು. ಮೊದಲು ಜಲಪಾತ ನೋಡಿ, ಆಮೇಲೆ ಆಟಕ್ಕೆ ಬನ್ನಿ. ಬರುವ ದಿನ ಇಲ್ಲಿ ಒಂದು ಮಾತು ಹಾಕಿ, ನಾನೂ ನನ್ನ ಮಗಳೂ ಬರುತ್ತೇವೆ.