ಅಪ್‌ಡೇಟ್: ಏಪ್ರಿಲ್‌ನಲ್ಲಿ ಝೆರ್ಮಾಟ್ ಹಿಮ
ಏಪ್ರಿಲ್ ಮಧ್ಯದಲ್ಲಿ ಸ್ವಿಟ್ಜರ್ಲೆಂಡ್‌ನ ಝೆರ್ಮಾಟ್‌ನಲ್ಲಿ ಸ್ಕೀ ಮಾಡುವಷ್ಟು ಹಿಮ ಇರುತ್ತದಾ ಅಂತ ಕೇಳಿದ್ದೆ. ಇದೆ, ಆದರೆ ಎತ್ತರ ನೋಡಿಕೊಳ್ಳಬೇಕು. 1,620 ಮೀಟರ್‌ನ ಊರಲ್ಲಿ ಹುಲ್ಲು ಕಾಣುತ್ತಿದೆ. 2,500 ದಾಟಿದರೆ ಚಿಂತೆಯಿಲ್ಲ.

ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕಲ್ಲಿನಷ್ಟು ಗಟ್ಟಿ. ಸ್ಕೀ ಅಂಚು ಮೊಂಡಾಗಿದ್ದರೆ ತಿರುವಿನಲ್ಲಿ ಕರಕರ ಅಂತ ಪಕ್ಕಕ್ಕೆ ಜಾರುತ್ತದೆ. ಬಾಡಿಗೆಗೆ ಕೊಡುವವರ ಹತ್ತಿರವೇ ಹರಿತ ಮಾಡಿಸಿಕೊಳ್ಳಿ. ಹತ್ತೂವರೆ ಸುಮಾರಿಗೆ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಮೆತ್ತಗಾಗುತ್ತದೆ. ಸೊಗಸಾದ ಹೊತ್ತು ಅದೇ. ಬಿಸಿಲು ಹೆಚ್ಚು ಬೀಳುವ ಸುನೆಗ್ಗಾ ಎಂಬ ಇಳಿಜಾರಿನ ಬದಿಯನ್ನು ಮೊದಲು ಮುಗಿಸಿ, ಆಮೇಲೆ ಹಿಮನದಿಗೆ ಹೋಗಿ. ಅಲ್ಲಿನ ಕೇಬಲ್ ಕಾರ್ ನಿಲ್ದಾಣ 3,883 ಮೀಟರ್‌ನಲ್ಲಿದೆ, ಬಂದವರಲ್ಲಿ ಹಲವರಿಗೆ ತಲೆನೋವು. ಗಾಳಿ ಜೋರಾದರೆ ಮೇಲಿನ ಲಿಫ್ಟ್‌ಗಳೂ ಬಂದ್.

ಮಧ್ಯಾಹ್ನ ಊರಿಗಿಳಿಯುವ ಹಾದಿ ಬರೀ ನೀರುಹಿಮ, ಸ್ಕೀ ಹೂತು ಮೊಣಕಾಲು ತಿರುಚುತ್ತದೆ. ಗೊಂಡೊಲಾದಲ್ಲೇ (ತಂತಿಯ ಮೇಲೆ ಸಾಗುವ ಕ್ಯಾಬಿನ್) ಕೆಳಗೆ ಬನ್ನಿ.