ವೆಬ್ ಸರ್ವರ್‌ಗೆ ಪ್ಯಾನೆಲ್ ಸಾಕಾ, ಕಮಾಂಡ್ ಲೈನ್ ಕಲಿಯಬೇಕಾ?

ಪ್ರಶ್ನೆ: ಒಂದು ಲಿನಕ್ಸ್ ಸರ್ವರ್‌ನಲ್ಲಿ ಮೂರ್ನಾಲ್ಕು ಸೈಟ್ ನಡೆಸಬೇಕು. ಟರ್ಮಿನಲ್ ಅಷ್ಟಾಗಿ ರೂಢಿಯಿಲ್ಲ. ವೆಬ್‌ಮಿನ್ ಥರದ ಪ್ಯಾನೆಲ್ (ಬ್ರೌಸರ್‌ನಲ್ಲೇ ಸರ್ವರ್ ನೋಡಿಕೊಳ್ಳುವ ಸಾಧನ) ಹಾಕಿಕೊಳ್ಳಲಾ, ಇಲ್ಲ ಕಾನ್ಫಿಗ್ ಫೈಲ್ (ಸರ್ವರ್ ಹೇಗೆ ನಡೆಯಬೇಕು ಅಂತ ಬರೆದಿಡುವ ಫೈಲ್) ಬರೆಯೋದನ್ನೇ ಕಲಿಯಲಾ? ಬಳಸಿದವರು ದಯವಿಟ್ಟು ಹೇಳಿ.

ಉತ್ತರ 1: ಎರಡನ್ನೂ ಬಳಸಿದ್ದೇನೆ. ಮೂರ್ನಾಲ್ಕು ಸೈಟ್ ಅಂದರೆ ಖಂಡಿತ ಕಲಿಯಿರಿ. ಪ್ಯಾನೆಲ್ ಕೂಡ ಕೊನೆಗೆ ಅದೇ ಟೆಕ್ಸ್ಟ್ ಫೈಲನ್ನೇ ಬರೆಯುತ್ತದೆ. ಸೈಟ್ ಕೈಕೊಟ್ಟಾಗ ಆ ಫೈಲ್ ಓದಲು ಬರಬೇಕು. '502 ಬ್ಯಾಡ್ ಗೇಟ್‌ವೇ' ಬಂತು ಅಂದುಕೊಳ್ಳಿ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ತಂತ್ರಾಂಶ ಓಡುತ್ತಲೇ ಇದೆ, ಹಿಂದಿರುವ ಆಪ್‌ನಿಂದ ಸರಿಯಾದ ಉತ್ತರ ಬರುತ್ತಿಲ್ಲ. ಪ್ಯಾನೆಲ್‌ನಲ್ಲಿ ಎಲ್ಲಾ ಹಸಿರಾಗಿಯೇ ಕಾಣಬಹುದು. ಆಪ್ ನಿಂತಿದ್ದರೆ ಎರರ್ ಲಾಗ್‌ನಲ್ಲಿ 'ಕನೆಕ್ಷನ್ ರೆಫ್ಯೂಸ್ಡ್' (ಸಂಪರ್ಕ ಸಿಗಲಿಲ್ಲ) ಅಂತ ಪೋರ್ಟ್ (ಆಪ್‌ನ ಸಂಪರ್ಕ ಸಂಖ್ಯೆ) ಸಮೇತ ಬರೆದಿರುತ್ತದೆ.

ಇನ್ನೊಂದು, ನನಗೆ ತುಂಬಾ ಮುಖ್ಯ ಅನಿಸಿದ್ದು. ಎಂಜಿನ್‌ಎಕ್ಸ್ ಕಾನ್ಫಿಗ್‌ನ 'ಲೊಕೇಶನ್ /ಎಪಿಐ/' ಬ್ಲಾಕ್‌ನಲ್ಲಿ (ಆ ವಿಳಾಸದಿಂದ ಶುರುವಾಗುವ ಕೋರಿಕೆಗಳ ಭಾಗ) ಪ್ರಾಕ್ಸಿ ಪಾಸ್ (ಕೋರಿಕೆಯನ್ನು ಆಪ್‌ಗೆ ದಾಟಿಸುವ ಸಾಲು) ವಿಳಾಸದಲ್ಲಿ ಪೋರ್ಟ್ ಆದಮೇಲೆ ಒಂದು ಸ್ಲ್ಯಾಶ್ ಇದ್ದರೆ, ಆಪ್‌ಗೆ ಹೋಗುವಷ್ಟರಲ್ಲಿ 'ಎಪಿಐ' ಭಾಗ ಕಳಚಿರುತ್ತದೆ. ಸ್ಲ್ಯಾಶ್ ಇಲ್ಲದಿದ್ದರೆ ಪೂರ್ತಿ ವಿಳಾಸ ಹಾಗೇ ಹೋಗುತ್ತದೆ. ಒಂದೇ ಒಂದು ಅಕ್ಷರ! ಫಾರ್ಮ್ ತುಂಬುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಭಯ ಬೇಡ. ಬದಲಾಯಿಸಿದ ಮೇಲೆ 'ಎಂಜಿನ್‌ಎಕ್ಸ್ -ಟಿ' ಕೊಡಿ, ವ್ಯಾಕರಣ ಎಡವಟ್ಟಾಗಿದ್ದರೆ ಯಾವ ಫೈಲ್, ಎಷ್ಟನೇ ಸಾಲು ಅಂತ ಹೇಳುತ್ತದೆ. ಆಮೇಲೆ ರೀಲೋಡ್ ಮಾಡಿ, ರೀಸ್ಟಾರ್ಟ್ ಬೇಡ. ರೀಲೋಡ್‌ನಲ್ಲಿ ಹೊಸ ಕಾನ್ಫಿಗ್ ಕೆಟ್ಟಿದ್ದರೆ ಹಳೆಯದೇ ಮುಂದುವರಿಯುತ್ತದೆ. ಫೈಲ್‌ಗಳನ್ನು ಗಿಟ್‌ನಲ್ಲಿ (ಬದಲಾವಣೆಗಳ ದಾಖಲೆ ಇಡುವ ಸಾಧನ) ಇಟ್ಟುಕೊಳ್ಳಿ, ನಿನ್ನೆ ಏನು ಬದಲಾಯಿತು ಅಂತ ಸಾಲು ಸಾಲಾಗಿ ಸಿಗುತ್ತದೆ.

ಉತ್ತರ 2: ಪ್ಯಾನೆಲ್ ಪರವಾಗಿಯೂ ಒಂದು ಮಾತು. ಬೇರೆ ಬೇರೆಯವರು ತಮ್ಮ ತಮ್ಮ ಸೈಟ್, ಮೇಲ್ ಖಾತೆ ನೋಡಿಕೊಳ್ಳಬೇಕಿದ್ದರೆ ಪ್ಯಾನೆಲ್ಲೇ ಸರಿ. ಪ್ರತಿ ಪಾಸ್‌ವರ್ಡ್ ಬದಲಾವಣೆಗೂ ನಿಮ್ಮನ್ನೇ ಕರೆಯೋದು ತಪ್ಪುತ್ತದೆ. ಆದರೆ ಪ್ಯಾನೆಲ್, ಕೈಯಿಂದ ಫೈಲ್ ತಿದ್ದೋದು ಎರಡನ್ನೂ ಬೆರೆಸಬೇಡಿ. ಸಿಪ್ಯಾನೆಲ್‌ನಂಥ ಪ್ಯಾನೆಲ್‌ಗಳು ಅಪಾಚೆ ಅನ್ನೋ ವೆಬ್ ಸರ್ವರ್‌ನ ಮುಖ್ಯ ಫೈಲನ್ನು ತಾವೇ ಮತ್ತೆ ಮತ್ತೆ ಬರೆಯುತ್ತವೆ. ನೀವು ಅದರಲ್ಲೇ ಸೇರಿಸಿದ ಸಾಲು ಅಳಿಸಿಹೋಗುತ್ತದೆ. ನಿಮ್ಮ ಸಾಲುಗಳಿಗೆ ಬೇರೆ ಇನ್‌ಕ್ಲೂಡ್ ಫೈಲ್ ಇರುತ್ತದೆ, ಅಲ್ಲಿ ಹಾಕಿ.

ಉತ್ತರ 3: ಭದ್ರತೆಯನ್ನೂ ನೋಡಿ. ವೆಬ್‌ಮಿನ್‌ಗೆ ರೂಟ್ ಅಧಿಕಾರವೇ (ಸರ್ವರ್ ಮೇಲೆ ಪೂರ್ತಿ ಹಿಡಿತ) ಇರುತ್ತದೆ. 2019ರಲ್ಲಿ ಅದರ 1.890 ಆವೃತ್ತಿಯ ಡೌನ್‌ಲೋಡ್‌ನಲ್ಲೇ ಯಾರೋ ಹಿಂಬಾಗಿಲು ತೂರಿಸಿದ್ದು ಬಯಲಾಯಿತು. ಈಗ ಅದು ಸರಿಯಾಗಿದೆ. ಹಾಗಂತ ವೆಬ್‌ಮಿನ್ ಬಳಸುವ 10000ನೇ ಪೋರ್ಟನ್ನು ಸುಮ್ನೆ ಇಡೀ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಫೈರ್‌ವಾಲ್‌ನಲ್ಲಿ ಮುಚ್ಚಿ, ಎಸ್‌ಎಸ್‌ಎಚ್ ಟನಲ್ (ಬೇರೆಯವರು ಓದಲಾಗದ ಸುರಕ್ಷಿತ ಸಂಪರ್ಕ) ಮೂಲಕ ಒಳಗೆ ಹೋಗಿ.