‘ವೆಸ್ಟ್ರಿ’ಗೆ ಕನ್ನಡದಲ್ಲಿ ಏನೆನ್ನಬೇಕು? ಎಪಿಸ್ಕೋಪಲ್ ಚರ್ಚುಗಳ ಕಾನೂನಿನ ಪದಗಳ ಬಗ್ಗೆ

ಮಾನ್ಯರೇ,

ಅಮೆರಿಕದ ಎಪಿಸ್ಕೋಪಲ್ (ಆಂಗ್ಲಿಕನ್ ಪರಂಪರೆಯ) ಚರ್ಚುಗಳ ಆಡಳಿತಕ್ಕೆ ಸಂಬಂಧಿಸಿದ ರಾಜ್ಯ ಕಾನೂನುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ಯಾರಿಶ್’ ಎಂಬುದಕ್ಕೆ, ಅಂದರೆ ಒಂದು ಊರಿನ ಅಥವಾ ಬಡಾವಣೆಯ ಚರ್ಚಿನ ಘಟಕಕ್ಕೆ, ನಮ್ಮ ಕಥೋಲಿಕರು ಬಳಸುವ ‘ಧರ್ಮಕೇಂದ್ರ’ವನ್ನೇ ಇಟ್ಟುಕೊಂಡಿದ್ದೇನೆ, ತೊಡಕಿರುವುದು ಧರ್ಮಕೇಂದ್ರದ ಆಡಳಿತ ನೋಡಿಕೊಳ್ಳುವ ಚುನಾಯಿತ ಮಂಡಳಿಯಾದ ‘ವೆಸ್ಟ್ರಿ’ಯಲ್ಲಿ.

ಪಾದ್ರಿಗಳ ಪೂಜಾವಸ್ತ್ರಗಳನ್ನಿಡುವ ಕೋಣೆಗೆ ಇದ್ದ ಹೆಸರು, ಅಲ್ಲಿ ಸಭೆ ಸೇರುತ್ತಿದ್ದವರಿಗೂ ಅಂಟಿಕೊಂಡಿತು. ಲ್ಯಾಟಿನ್ನಿನ ‘ವೆಸ್ಟಿಸ್’ ಮತ್ತು ನಮ್ಮ ‘ವಸ್ತ್ರ’ ಒಂದೇ ಮೂಲದವಾದ್ದರಿಂದ ‘ವಸ್ತ್ರಾಗಾರ’ ಎನ್ನುವ ಆಸೆ ಯಾರಿಗಾದರೂ ಆದೀತು, ಆದರೆ ವಸ್ತ್ರಾಗಾರವು ಆಸ್ತಿ ಮಾರಿತು ಎಂದು ಬರೆದರೆ ಓದುಗರು ನಗುತ್ತಾರೆ. ಮಂಗಳೂರಿನ ಪತ್ರಿಕೆಗಳಲ್ಲಿ ದಿನವೂ ಕಾಣುವ ‘ಚರ್ಚ್ ಪಾಲನಾ ಮಂಡಳಿ’ ಕಿವಿಗೆ ಹಿತವಾಗಿದೆಯಾದರೂ, ಕಥೋಲಿಕರ ಧರ್ಮಸಂಹಿತೆಯ ಪ್ರಕಾರ ಪಾಲನಾ ಮಂಡಳಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ವೆಸ್ಟ್ರಿಯಾದರೋ ಎಪಿಸ್ಕೋಪಲ್ ಚರ್ಚಿನ ಕಟ್ಟಳೆಗಳ ಪ್ರಕಾರವೇ ಧರ್ಮಕೇಂದ್ರದ ಆಸ್ತಿಪಾಸ್ತಿಯ ವಿಷಯದಲ್ಲಿ ಅದರ ಕಾನೂನುಬದ್ಧ ಪ್ರತಿನಿಧಿ. ಅದರ ಸದಸ್ಯರ ಸಂಖ್ಯೆ, ಆಯ್ಕೆಯ ವಿಧಾನ, ಅಧಿಕಾರಾವಧಿ ಇವೆಲ್ಲ ರಾಜ್ಯದ ಅಥವಾ ಬಿಷಪ್ಪರ ಆಡಳಿತ ಪ್ರಾಂತ್ಯವಾದ ಡಯಾಸಿಸ್‌ನ ಕಾನೂನಿನಂತೆ ಇರಲಿ ಎಂದು ಅದೇ ಕಟ್ಟಳೆಗಳು ಬಿಟ್ಟುಕೊಟ್ಟಿರುವುದರಿಂದ, ರಾಜ್ಯದಿಂದ ರಾಜ್ಯಕ್ಕೆ ಪದದ ತೂಕವೇ ಬದಲಾಗುತ್ತದೆ.

ನ್ಯೂಯಾರ್ಕಿನ ಧಾರ್ಮಿಕ ನಿಗಮಗಳ (ಕಾರ್ಪೊರೇಷನ್‌ಗಳ) ಕಾನೂನಿನಲ್ಲಿ ಎಪಿಸ್ಕೋಪಲ್ ಧರ್ಮಕೇಂದ್ರಗಳಿಗೆಂದೇ ಪ್ರತ್ಯೇಕ ಅಧ್ಯಾಯವಿದೆ. ಅಲ್ಲಿ ರೆಕ್ಟರ್ (ಧರ್ಮಕೇಂದ್ರದ ಮುಖ್ಯ ಪಾದ್ರಿ), ಪಾದ್ರಿಗಳಲ್ಲದ ಪ್ರಮುಖ ಹುದ್ದೇದಾರರಾದ ಇಬ್ಬರು ವಾರ್ಡನ್‌ಗಳು ಮತ್ತು ವೆಸ್ಟ್ರಿಯ ಸದಸ್ಯರು ಒಟ್ಟಾಗಿ ಆ ನಿಗಮದ ಟ್ರಸ್ಟಿಗಳು. ಸ್ಥಿರಾಸ್ತಿಯ ಮಾರಾಟ ಅಥವಾ ಅಡಮಾನದ ಠರಾವನ್ನು ಮತಕ್ಕೆ ಹಾಕಬೇಕಾದರೆ, ರೆಕ್ಟರ್ ಹುದ್ದೆ ಖಾಲಿ ಇಲ್ಲದಿದ್ದಲ್ಲಿ, ಅವರು ಸಭೆಯಲ್ಲಿ ಹಾಜರಿರಲೇಬೇಕು. ಬಿಷಪ್ ಮತ್ತು ಡಯಾಸಿಸ್‌ನ ಸ್ಥಾಯಿ ಸಮಿತಿ ಒಪ್ಪದೆ ನ್ಯಾಯಾಲಯದ ಅನುಮತಿ ಕೋರುವಂತೆಯೂ ಇಲ್ಲ. ವಾಲ್ ಸ್ಟ್ರೀಟಿನ ಟ್ರಿನಿಟಿ ಚರ್ಚಿಗೆ ಮೊದಲ ಸನದು ಸಿಕ್ಕಿದ್ದು 1697ರಲ್ಲಿ. ಇಂದು ಅದರ ಕಾನೂನಿನ ಹೆಸರು ‘ನ್ಯೂಯಾರ್ಕ್ ನಗರದ ಟ್ರಿನಿಟಿ ಚರ್ಚಿನ ರೆಕ್ಟರ್, ಚರ್ಚ್‌ವಾರ್ಡನ್‌ಗಳು ಮತ್ತು ವೆಸ್ಟ್ರಿ ಸದಸ್ಯರು’ ಎಂದು. ಆಸ್ತಿಪತ್ರದಲ್ಲಿ ಕಟ್ಟಡ ಮಾತನಾಡುವುದಿಲ್ಲ, ಹುದ್ದೆಗಳು ಮಾತನಾಡುತ್ತವೆ.

ಮೇರಿಲ್ಯಾಂಡಿನಲ್ಲಿ 1798ರ ವೆಸ್ಟ್ರಿ ಕಾಯ್ದೆಯು ವೆಸ್ಟ್ರಿಯನ್ನೇ ನಿಗಮವನ್ನಾಗಿ ಮಾಡಿತು. ಪಶ್ಚಿಮ ವರ್ಜೀನಿಯದ್ದು ಇದಕ್ಕೆ ತೀರ ತದ್ವಿರುದ್ಧ: ಯಾವ ಚರ್ಚಿಗೂ ನಿಗಮದ ಸನದು ಕೊಡಕೂಡದು ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ, ಮತ್ತು ಅದನ್ನು ಬದಲಿಸುವ ತಿದ್ದುಪಡಿಯನ್ನು 2022ರಲ್ಲಿ ಮತದಾರರು ತಿರಸ್ಕರಿಸಿದರು. ನೆರೆಯ ವರ್ಜೀನಿಯದಲ್ಲಿದ್ದ ಇಂಥದೇ ನಿಷೇಧವನ್ನು ಫೆಡರಲ್ ನ್ಯಾಯಾಲಯವೊಂದು 2002ರಲ್ಲಿ ರದ್ದುಪಡಿಸಿತ್ತು. ಹೀಗಾಗಿ ‘ವೆಸ್ಟ್ರಿ’ ಒಂದು ಕಡೆ ನಿಗಮದ ಟ್ರಸ್ಟಿಗಳ ಮಂಡಳಿ, ಇನ್ನೊಂದು ಕಡೆ ಸ್ವತಃ ನಿಗಮ, ಮತ್ತೊಂದು ಕಡೆ ನಿಗಮವೇ ಇಲ್ಲದ ಧರ್ಮಕೇಂದ್ರದ ಚುನಾಯಿತ ಸಮಿತಿ. ಆದ್ದರಿಂದ ಹೆಸರನ್ನು ‘ವೆಸ್ಟ್ರಿ’ ಎಂದೇ ಉಳಿಸಿ, ಅದರ ಸ್ಥಾನಮಾನವನ್ನು ಆಯಾ ರಾಜ್ಯದ ಸಂದರ್ಭದಲ್ಲಿ ವಿವರಿಸುವುದು ಸರಿಯೆಂದು ನನ್ನ ಅಭಿಪ್ರಾಯ.

ಇನ್ನು ‘ಕಾರ್ಪೊರೇಷನ್’ಗೆ ನಾನು ಮೇಲೆ ಬಳಸಿದ ‘ನಿಗಮ’. ಕನ್ನಡಿಗರಿಗೆ ಈ ಪದ ಕೇಳಿದೊಡನೆ ನೆನಪಾಗುವುದು ಸಾರಿಗೆ ನಿಗಮದಂಥ ಸರ್ಕಾರಿ ಸಂಸ್ಥೆ, ಚರ್ಚಿಗೆ ಹಚ್ಚಿದರೆ ಸರ್ಕಾರದ ಚರ್ಚೆಂಬ ಭಾವನೆ ಬರಬಹುದು. ‘ನೋಂದಾಯಿತ ಸಂಘ’ವೆಂದರೆ 1960ರ ಸಂಘಗಳ ನೋಂದಣಿ ಅಧಿನಿಯಮದ ನೆರಳು ಬೀಳುತ್ತದೆ. ನಮ್ಮ ಅಧಿನಿಯಮಗಳಲ್ಲಿ ‘ಶಾಶ್ವತ ಉತ್ತರಾಧಿಕಾರ ಮತ್ತು ಸಾಮಾನ್ಯ ಮೊಹರು’ಗಳ ಜೊತೆ ಬರುವ ‘ನಿಗಮಿತ ನಿಕಾಯ’ ಬಿಗಿಯಾದ ಪದವೇನೋ ಹೌದು, ಆದರೆ ಕಾನೂನು ಓದದವರಿಗೆ ಅದು ಕಬ್ಬಿಣದ ಕಡಲೆ.

‘ವಾರ್ಡನ್’ ಎಂದರೆ ನಮ್ಮಲ್ಲಿ ಹಾಸ್ಟೆಲ್ಲೋ ಜೈಲೋ ಕಣ್ಣಮುಂದೆ ಬರುತ್ತದೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ, ಅದರಲ್ಲೂ ಹಿಂದೆ ಆಂಗ್ಲಿಕನ್ ಆಗಿದ್ದ ಸಭೆಗಳ ಹಿರಿಯರು ಕನ್ನಡದಲ್ಲಿ ಈ ಹುದ್ದೆಯನ್ನು ಹೇಗೆ ಕರೆಯುತ್ತಿದ್ದರು, ಹಳೆಯ ನಡಾವಳಿ ಪುಸ್ತಕಗಳಲ್ಲಿ ಯಾವ ಪದ ಬರೆದಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.